ಮ್ಯಾಲಿನ ದನಿ ಕಡೀಕ

ಕುಳಿತಲ್ಲಿ ಕಾಲು ಅಲ್ಲಾಡಿಸುವುದು ನನ್ನ ಹಳೆಯ ಚಟ. ಊಟಕ್ಕೆ ಕುಳಿತಾಗ, ಬ್ಯಾಂಕಿನಲ್ಲಿ ಪಾಳಿಗೆ ಕಾಯುವಾಗ, ಬೀಗರ ಮನೆಯಲ್ಲಿ ಸೋಫಾದ ತುದಿಗೆ ಗಂಭೀರವಾಗಿ ಕುಳಿತು ಚುರುಮುರಿ ತಿನ್ನುವಾಗ ಕೂಡ ನನ್ನ ಎರಡು ಪಾದಗಳು ನನ್ನನ್ನೊಂದು ಮಾತು ಕೇಳದೆ ಒಂದಾದ ಮೇಲೊಂದು ಏಳುತ್ತ ಬೀಳುತ್ತ ಇರುತ್ತವೆ. "ಕಾಲ ಅಲ್ಲಾಡಸಬ್ಯಾಡ್ರಿ, ಮನೀಗೆ ದರಿದ್ರ ಬರ್ತೈತಿ" ಎಂದು ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾಳೆ. ದರಿದ್ರ ಇಷ್ಟರಲ್ಲಿ ಬಂದು, ಈ ಮಾಸ್ತರನ ಮನೆಯಲ್ಲಿ ತನಗೇನೂ ಕೆಲಸವಿಲ್ಲವೆಂದು ತಿರುಗಿ ಹೋಗಿರಬೇಕು. ನಾನು ಕಾಲು ಅಲ್ಲಾಡಿಸುತ್ತಿಲ್ಲ, ಗಾಳಿ ಹಾಕುತ್ತಿದ್ದೇನೆ ಎಂದು ಅವಳಿಗೆ ಹೇಳಿ ನೋಡಿದೆ. ಅದರಿಂದ ಆಕೆಯ ಚಿಂತೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಬೆಳಗಾವಿಯ ಒಂದು ಮಿಶನ್ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದೆ. ಆವರಣದಲ್ಲಿ ಕೆಂಪು ಹಂಚಿನ ಪುಟ್ಟ ಚಾಪೆಲ್ ಇತ್ತು. ಅದರ ಮೂಲೆಯಲ್ಲಿ ನಮ್ಮ ಮನೆಯ ಅರಿವೆಯ ಕಪಾಟಿನಷ್ಟು ದೊಡ್ಡ ಆರ್ಗನ್. ಕೆಳಗಿನ ಎರಡು ಹಲಗೆಗಳನ್ನು ಕಾಲಿನಿಂದ ಒತ್ತುತ್ತಿದ್ದರೆ ಒಳಗಿನ ತಿದಿಗೆ ಗಾಳಿ ಸಿಕ್ಕು, ಮೇಲೆ ಬೆರಳಿಟ್ಟಲ್ಲಿ ಸ್ವರ ಬರುತ್ತದೆ. ಕಾಲು ನಿಂತರೆ ಸ್ವರವೂ ನಿಂತಿತು. ಶಿವಬಸವ ನಗರದ ಲಿಂಗಾಯತರ ಮನೆಯ ನಾನು ಆ ಆರ್ಗನ್ನಿನ ಮುಂದೆ ಹೋಗಿ ಕೂತದ್ದು ಹೇಗೆ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ.

ನಮ್ಮ ಅಜ್ಜ ಮಠದ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ. ನನಗೂ ಕಲಿಸಿದ್ದ. ಕಾಲೇಜಿನ ಗ್ಯಾದರಿಂಗಿನಲ್ಲಿ ಒಮ್ಮೆ ಹುಡುಗರ ಹಾಡಿಗೆ ಪೇಟಿ ಬಾರಿಸಿದೆ. ಮರುದಿನ ಸುಗುಣಾ ಅಕ್ಕೋರು ಸ್ಟಾಫ್ ರೂಮಿಗೆ ಬಂದರು. ಅವರು ಅದೇ ಆವರಣದ ಪ್ರಾಥಮಿಕ ಶಾಲೆಯ ಶಿಕ್ಷಕಿ, ಖಾನಾಪುರದ ಕ್ರೈಸ್ತರ ಮನೆತನದವರು, ಮದುವೆಯಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ಚಾಪೆಲ್ಲಿನ ಆರ್ಗನ್ನೂ ಹಾಡುವ ತಂಡವಾದ ಕ್ವಾಯರೂ ಅವರ ಕೈಯಲ್ಲಿದ್ದವು. ಈಗ ಸಂಧಿವಾತ ಬಂದು ಬೆರಳುಗಳು ಹಸಿ ಶುಂಠಿಯ ಹಾಗೆ ಗಂಟುಗಂಟಾಗಿದ್ದವು.

"ಸರ, ನನ್ನ ಕೈ ಮುಗದಾವು. ನೀವು ಬಾರಸ್ರಿ, ನಾ ಹಾಡಸ್ತೀನಿ" ಎಂದರು.

ನಾನು ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿ ತೋರಿಸಿದೆ. ಅವರು ನಕ್ಕು, "ಅದು ಇರಲ್ರಿ. ಆರ್ಗನ್ನಿಗೆ ತಾಗಸಬ್ಯಾಡ್ರಿ, ಪಾಲೀಶ್ ಹೋಗ್ತೈತಿ" ಎಂದರು.

ಮನೆಯಲ್ಲಿ ಅವ್ವನಿಗೆ ಹೇಳಲು ಹೆದರಿದ್ದೆ. ಅವಳು ಕೇಳಿದ್ದು ಒಂದೇ ಮಾತು, "ಅಲ್ಲಿ ಏನ್ ಮಾಡ್ತಿ?" ಪೇಟಿ ಬಾರಿಸುತ್ತೇನೆ ಎಂದೆ. "ಹಂಗಂದ್ರ ಹೋಗು. ಪೇಟಿಗೆ ಯಾವ ಜಾತಿ" ಎಂದು ರೊಟ್ಟಿ ಬಡಿಯಲು ಕುಳಿತಳು.

ಮೊದಲ ಭಾನುವಾರದ ಕಥೆಯನ್ನು ಹೇಳದಿರುವುದೇ ಒಳ್ಳೆಯದು, ಆದರೆ ನೀವು ನಮ್ಮವರು. ಕೈಪೇಟಿಯಲ್ಲಿ ಎಡಗೈ ತಿದಿ ಒತ್ತುತ್ತದೆ, ಬಲಗೈ ಬಾರಿಸುತ್ತದೆ. ಆರ್ಗನ್ನಿನಲ್ಲಿ ಎಡಗೈಗೂ ಬಾರಿಸುವ ಕೆಲಸ. ಅಭ್ಯಾಸಬಲದಿಂದ ನನ್ನ ಎಡಗೈ ಆಗಾಗ ಆರ್ಗನ್ನಿನ ಬೆನ್ನ ಮೇಲೆ ತಿದಿ ಹುಡುಕುತ್ತ ಹೋಯಿತು. ಕೈಯನ್ನು ಎಳೆದು ತರುವಷ್ಟರಲ್ಲಿ ಕಾಲು ಮರೆತುಹೋಗಿ ಸ್ವರ ಮುಲುಗುಟ್ಟಿ ನಿಂತಿತು. ಮಂದಿ ಪಾಪ ನಿಲ್ಲದೆ ಹಾಡಿದರು. ಕೊನೆಗೆ ನನ್ನ ರಕ್ತದಲ್ಲಿದ್ದ ಭಜನೆ ಎದ್ದು ಬಂತು. ಕೊನೆಯ ಸಾಲನ್ನು ಮೂರು ಸಲ ತಿರುವಿ, ತಿಹಾಯಿ ಹಾಕಿ ಮುಗಿಸಿದೆ. ಮೊದಲ ಸಲಕ್ಕೆ ಕುಳಿತ ಪಾಸ್ಟರು ಎರಡನೇ ಸಲಕ್ಕೆ ಎದ್ದರು, ಮೂರನೆಯದಕ್ಕೆ ಅರ್ಧ ಕುಳಿತು ಹಾಗೆಯೇ ಕಾದರು. ಹೊರಗೆ ಬಂದು ಆರ್ಗನ್ನೇ ಸರಿಯಿಲ್ಲ ಎಂದೆ. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಎಂದು ಅಕ್ಕೋರು ಎಲ್ಲರ ಮುಂದೆಯೇ ಅಂದರು.

ಇನ್ನೊಂದು ಪೇಚು ಕೇಳಿ. ನಮ್ಮ ಭಜನೆಯಲ್ಲಿ ಹತ್ತು ಮಂದಿ ಕೂಡಿದರೆ ಹತ್ತು ಮಂದಿಯೂ ಒಂದೇ ಸ್ವರ ಹಾಡುತ್ತಾರೆ. ಕ್ವಾಯರಿನಲ್ಲಿ ಹಾಗಲ್ಲ. ಹೆಣ್ಣುಮಕ್ಕಳಲ್ಲಿ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ. ಗಂಡುಮಕ್ಕಳಲ್ಲಿ ಮೇಲಿನದು ಟೆನರ್, ಕೆಳಗಿನದು ಬೇಸ್. ನಾಲ್ವರದೂ ಬೇರೆ ಬೇರೆ ಸ್ವರ. ಹಾಡೆಂದು ನಾವು ಗುರುತಿಸುವುದು ಮೇಲಿನ ದನಿಯನ್ನು ಮಾತ್ರ. ಉಳಿದವು ಅದರ ಕೆಳಗೆ ತಮ್ಮಷ್ಟಕ್ಕೆ ನಡೆಯುತ್ತವೆ. ಮೊದಲ ದಿನ ಅದನ್ನು ಕೇಳಿದಾಗ ಯಾರು ಅಪಸ್ವರ ಹಾಡುತ್ತಿದ್ದಾರೆಂದು ಕತ್ತು ಹೊರಳಿಸಿ ಹುಡುಕಿದೆ. "ಯಾರೂ ತಪ್ಪಿಲ್ರಿ ಸರ. ನಾಕು ಮಂದಿ ನಾಕು ಹಾದ್ಯಾಗ ಒಂದ ಊರಿಗೆ ಹೊಂಟಾರ" ಎಂದರು ಅಕ್ಕೋರು.

ಅವರು ಸ್ವತಃ ಆಲ್ಟೊ. ಹುಡುಗಿಯಾಗಿದ್ದಾಗಿನಿಂದ ಆಲ್ಟೊ ಸಾಲಿನಲ್ಲಿಯೇ ನಿಂತವರು. "ಮ್ಯಾಲಿನ ದನಿ ಅಂದ್ರ ಮದಿಮಗಳು, ಎಲ್ಲಾರೂ ಅಕಿನ್ನ ನೋಡ್ತಾರ. ಆಲ್ಟೊ ಅಂದ್ರ ಅಡಗೀಮನ್ಯಾಗ ಇರಾಕಿ. ಅಕಿ ಕಾಣಂಗಿಲ್ಲ, ಆದ್ರ ಅಕಿ ಇಲ್ದ ಮದಿವಿ ಆಗಂಗಿಲ್ಲ" ಎನ್ನುತ್ತಿದ್ದರು.

ಅವರು ಹಾಡು ಕಲಿಸುವ ರೀತಿಯೂ ಅಡುಗೆಮನೆಯಿಂದಲೇ ಸುರು. ನಮ್ಮಲ್ಲಿ ಸ್ವರ ಬರೆದ ಹಾಳೆ ಓದುವವರು ಯಾರೂ ಇರಲಿಲ್ಲ, ಎಲ್ಲ ಬಾಯಿಂದ ಬಾಯಿಗೆ. ಮೊದಲು ಆಲ್ಟೊ, ಆಮೇಲೆ ಬೇಸ್, ಆಮೇಲೆ ಟೆನರ್. ಮೂರೂ ಗಟ್ಟಿಯಾಗುವ ತನಕ ಸೊಪ್ರಾನೊ ಹುಡುಗಿಯರು ಸುಮ್ಮನೆ ಕೂತು ಉಗುರು ಕಡಿಯಬೇಕು. ಮೇಲಿನ ದನಿ ಮೊದಲು ಕಲಿಸಿದರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ. "ಎಲ್ಲಾರೂ ಅದನ್ನ ಹಾಡ್ತಾರ್ರಿ ಸರ. ಒಮ್ಮೆ ಕಿವ್ಯಾಗ ಹೊಕ್ಕ್ತಂದ್ರ ಕೆಳಗಿನ ದನಿ ಯಾರೂ ಹಿಡಿಯಂಗಿಲ್ಲ. ಮ್ಯಾಲಿನ ದನಿ ಕಡೀಕ" ಎಂದರು. ಈ ನಿಯಮವನ್ನು ಅವರು ಎಂದೂ ಮುರಿದವರಲ್ಲ.

ಎರಡು ಸಾವಿರದ ಇಸವಿ ಬರುವ ಮುಂಚಿನ ವರ್ಷ ಅದು. ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ, ವಿಮಾನಗಳು ಬೀಳುತ್ತವೆ ಎಂದು ಸ್ಟಾಫ್ ರೂಮಿನಲ್ಲಿ ದಿನಾಲೂ ಚರ್ಚೆ. ಅಕ್ಕೋರಿಗೆ ಬೇರೆ ಚಿಂತೆ. ಆ ವರ್ಷ ಅವರ ನೌಕರಿ ಮುಗಿಯುತ್ತಿತ್ತು. ಬೇಸಿಗೆಗೆ ಖಾನಾಪುರದ ತಂಗಿಯ ಮನೆಗೆ ಹೋಗಿ ಇರುವವರಿದ್ದರು. ಒಂದು ಸಂಜೆ ಆರ್ಗನ್ನಿನ ಮುಚ್ಚಳ ಹಾಕುತ್ತಿದ್ದಾಗ, ಯಾವುದೋ ತಪ್ಪು ಮಾಡಿದವರಂತೆ ಸಣ್ಣ ದನಿಯಲ್ಲಿ ಹೇಳಿದರು.

"ಸರ, ನಂದೊಂದು ಹಾಡೈತ್ರಿ. ನಾನ ಕಟ್ಟಿದ್ದು. ಸಣ್ಣಾಕಿದ್ದಾಗ."

ಇಷ್ಟು ವರ್ಷ ಯಾಕೆ ಹಾಡಿಸಲಿಲ್ಲ ಎಂದೆ. "ನಾಚಿಕಿ ಬರ್ತಿತ್ರಿ. ಕ್ವಾಯರ್ ನಡಸಾಕಿ ತನ್ನ ಹಾಡ ತಾನ ಹಾಡಸಿದ್ರ ಮಂದಿ ಏನಂದಾರು? ಈಗ ಹೋಗಾಕಿ ಆದ್ನೆಲ್ಲ. ನಾಕೂ ದನಿ ಕೂಡಿ ಒಮ್ಮೆ ಕೇಳಬೇಕು ಅನಸೇತಿ. ತಲಿಯೊಳಗ ಕೇಳೇನಿ, ಕಿವೀಲೆ ಕೇಳಿಲ್ಲ."

ಪಾಸ್ಟರು ಸಂತೋಷದಿಂದ ಒಪ್ಪಿದರು. ಆ ಕ್ರಿಸ್‌ಮಸ್ಸಿಗೆ ಅಕ್ಕೋರ ಹಾಡು, ಅಕ್ಕೋರು ಆಲ್ಟೊ ಸಾಲಿನಲ್ಲಿ ನಿಂತು ಹಾಡುವುದು ಎಂದು ಗೊತ್ತಾಯಿತು.

ಅಷ್ಟರಲ್ಲಿ ಆರ್ಗನ್ ಕೈಕೊಟ್ಟಿತ್ತು. ಬೆಳಗಾವಿಯ ಮಳೆ ನಿಮಗೆ ಗೊತ್ತು. ಮೃಗಶಿರಾದಿಂದ ಹಿಡಿದು ಅರಿವೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು. ಆರ್ಗನ್ನಿನ ಕಟ್ಟಿಗೆ ಉಬ್ಬಿತು, ತಿದಿಯ ತೊಗಲನ್ನು ಇಲಿಗಳು ಪ್ರಸಾದವೆಂದು ಸ್ವೀಕರಿಸಿದವು. ಆರ್ಗನ್ ರಿಪೇರಿ ಬಲ್ಲವರು ಮುಂಬಯಿಯಲ್ಲಿದ್ದಾರೆ ಎಂದು ಯಾರೋ ಹೇಳಿದರು. ಮುಂಬಯಿಯಿಂದ ಉತ್ತರ ಬರಲಿಲ್ಲ. ಕೊನೆಗೆ ಮಿರಜದಿಂದ ನಮ್ಮ ಮಠದ ಪೇಟಿಗಳನ್ನು ರಿಪೇರಿ ಮಾಡುವ ದಸ್ತಗೀರ ಮಾಸ್ತರನನ್ನು ಕರೆಸಿದೆವು. ಆತ ಆರ್ಗನ್ನಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಒಂದೊಂದೇ ಸ್ವರ ಒತ್ತಿ ಮುಖ ಹಿಂಡಿದ. "ಇಷ್ಟು ಬೇಸೂರ ಪೇಟಿ ನನ್ನ ಜಿಂದಗಿಯೊಳಗ ನೋಡಿಲ್ರಿ. ಇದು ಕೆಟ್ಟಿದ್ದಲ್ಲ, ಹುಟ್ಟಾನ ಹಿಂಗ ಐತಿ. ಸಾಹೇಬ್ರು ಮಾಡಿದ ತಪ್ಪು ನಾ ತಿದ್ತೀನಿ" ಎಂದ.

ತಿದ್ದಿದ. ತೊಗಲು ಹೊಸದಾಯಿತು, ಕಟ್ಟಿಗೆ ಸರಿಯಾಯಿತು. ಆಮೇಲೆ ಬಾಜೂಕ ತಂಬೂರಿ ಇಟ್ಟುಕೊಂಡು, ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆಗಳನ್ನು ಒಂದೊಂದಾಗಿ ಅರದಿಂದ ಉಜ್ಜಿ ಶ್ರುತಿ ಮಾಡಿದ. ತನ್ನ ಗಿರಾಕಿಗಳೆಲ್ಲ ಬಿಳಿ ನಾಲ್ಕರಲ್ಲಿ, ಅಂದರೆ ನಾಲ್ಕನೆಯ ಬಿಳಿ ಕೀಲಿಯನ್ನು ಸಾ ಮಾಡಿಕೊಂಡು, ಹಾಡುವವರೆಂದು ಆರ್ಗನ್ನನ್ನೂ ಬಿಳಿ ನಾಲ್ಕಕ್ಕೆ ಕೂಡಿಸಿದ. ನಾನು ಬಾರಿಸಿ ನೋಡಿದೆ. ನನ್ನದೂ ಅದೇ ಪಟ್ಟಿ. ಏನು ಹೇಳಲಿ, ಅಂಥ ಸವಿಯಾದ ಸ್ವರ ನಾನು ಅದರ ಹಿಂದೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಭಾನುವಾರ ಪ್ರಾರ್ಥನೆ ಮುಗಿದರೂ ಮಂದಿ ಏಳಲಿಲ್ಲ. ಅಕ್ಕೋರು ಕಣ್ಣು ಮುಚ್ಚಿಕೊಂಡು ಕೂತಿದ್ದರು.

ರಿಪೇರಿ ನಡೆದ ದಿನಗಳಲ್ಲಿ ನಮ್ಮ ತಾಲೀಮು ಶಾಲೆಯ ಪಡಸಾಲೆಯಲ್ಲಿ ಸಾಗಿತ್ತು. ಅಕ್ಕೋರ ಹಾಡು ದನಗಾಹಿ, ಕುರಿಗಾಹಿಗಳದು. ಯೇಸು ಹುಟ್ಟಿದ ಕೊಟ್ಟಿಗೆಗೆ ಕುರುಬರು ಬರುವ ಕಥೆ ನಿಮಗೆ ಗೊತ್ತಿರಬಹುದು. ಅಕ್ಕೋರ ಕುರುಬರು ಖಾನಾಪುರದ ಕಡೆಯವರು; ಕಂಬಳಿ ಹೊದ್ದು, ಮಳೆಯಲ್ಲಿ ತೊಯ್ದು ಬರುತ್ತಾರೆ. ಆಲ್ಟೊ, ಟೆನರ್, ಬೇಸ್ ಮೂವರೂ ಕೂಡಿ ಬಾಗಿಲ ಮುಂದೆ ನಿಂತು ಕೇಳುತ್ತಾರೆ, "ಒಳಗ ಯಾರದೀರಿ? ಕದಾ ತಗೀರಿ." ಅಲ್ಲಿ ಮೂರು ದನಿಗಳೂ ನಿಲ್ಲುತ್ತವೆ. ಒಳಗಿನಿಂದ ತಾಯಿ ಉತ್ತರ ಕೊಡುತ್ತಾಳೆ. ಆ ಉತ್ತರ ಮೇಲಿನ ದನಿಗೊಂದಕ್ಕೇ.

ಬೇಸಿನಲ್ಲಿ ಮಾರುತಿ ಎಂಬ ಹುಡುಗನಿದ್ದ. ಬಿ.ಎ. ಓದುತ್ತಿದ್ದ, ಖರೇ ಕುರುಬರ ಮನೆಯವನು, ಖಾನಾಪುರದ ಆಚೆಯ ಹಳ್ಳಿ. ಹಾಡಲು ಬರುವುದಕ್ಕಿಂತ ಅವನಿಗೆ ತಕರಾರು ಹೆಚ್ಚು. "ಅಕ್ಕೋರ, ಎಲ್ಲಾ ಕುರುಬರೂ ಹ್ವಾದ್ರ ಕುರಿ ಯಾರ್ ಕಾಯ್ತಾರ್ರಿ?"

"ಅದಕ್ಕ ಬೇಸ್ ನಿಂತಲ್ಲೇ ನಿಂತಿರ್ತೈತಪಾ. ನೀ ಕಾಯಿ" ಎಂದರು ಅಕ್ಕೋರು. ಬೇಸಿನ ಪಾಲಿಗೆ ಅಲ್ಲಿ ಒಂದೇ ಸ್ವರವಿತ್ತು. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಆಲ್ಟೊ ಹುಡುಗಿಯರು ಮತ್ತೆ ಕೇಳಿದರು, ಕದ ತೆಗೆಯಿರಿ ಅಂದಾಗ ಒಳಗಿದ್ದಾಕೆ ಏನು ಹೇಳುತ್ತಾಳೆ ಎಂದು.

"ಅದು ಮ್ಯಾಲಿನ ದನೀದು. ಅವರ ಪಾಳಿ ಬಂದಾಗ ಹೇಳ್ತೀನಿ. ಈಗ ನೀವು ಕೇಳೂದು ಕಲೀರಿ."

ಮೂರು ದನಿಗಳು ಕಲಿತು ಮುಗಿದವು. ಆರ್ಗನ್ ತಯಾರಾಗಿತ್ತು. ಮೇಲಿನ ದನಿ ಕಲಿಸುವ ದಿನ ಎಲ್ಲರನ್ನೂ ಚಾಪೆಲ್ಲಿಗೆ ಕರೆದರು. ಹೊಸ ಇಳಕಲ್ಲ ಸೀರೆ ಉಟ್ಟಿದ್ದರು. "ಬಿಳಿ ಎರಡರಾಗ ಹಿಡೀರಿ ಸರ" ಎಂದರು. ಹಿಡಿದೆ. ಆರ್ಗನ್ ಊಳಿಟ್ಟಿತು.

ಬೆರಳು ತಪ್ಪಿಟ್ಟೆನೆಂದು ಮತ್ತೊಮ್ಮೆ ಹಿಡಿದೆ. ಮತ್ತೆ ಅದೇ ಊಳು. ಬಿಳಿ ನಾಲ್ಕರಲ್ಲಿ ಸಕ್ಕರೆಯಾದ ಸ್ವರಗಳು ಬಿಳಿ ಎರಡರಲ್ಲಿ ಒಂದನ್ನೊಂದು ಕಚ್ಚುತ್ತಿದ್ದವು. ಇದೇನು ದೆವ್ವದ ಕಾಟವಲ್ಲ, ಶುದ್ಧ ಫಿಜಿಕ್ಸ್. ಒಂದು ಪಟ್ಟಿಗೆ ಸ್ವರಗಳನ್ನು ಪೂರಾ ಸವಿ ಮಾಡಿದರೆ ಬೇರೆ ಪಟ್ಟಿಗಳಲ್ಲಿ ಕೆಲವು ಕಹಿಯಾಗಲೇಬೇಕು. ಅದಕ್ಕೇ ಆರ್ಗನ್ ಮಾಡುವವರು ಎಲ್ಲ ಸ್ವರಗಳನ್ನೂ ಚೂರು ಚೂರು ಕೆಡಿಸಿ ಇಟ್ಟಿರುತ್ತಾರೆ, ಯಾವ ಪಟ್ಟಿಯಲ್ಲಾದರೂ ನಡೆದುಹೋಗಲಿ ಎಂದು. ದಸ್ತಗೀರ ಮಾಸ್ತರ ತಿದ್ದಿದ ಸಾಹೇಬರ ತಪ್ಪು ಅದೇ ಆಗಿತ್ತು. ದಿನದ ಹಾಡುಗಳನ್ನೆಲ್ಲ ನಾನು ಬಿಳಿ ನಾಲ್ಕಕ್ಕೇ ತಂದು ಬಾರಿಸುತ್ತಿದ್ದುದರಿಂದ ಅಲ್ಲಿಯ ತನಕ ಯಾರಿಗೂ ಗೊತ್ತಾಗಿರಲಿಲ್ಲ.

ಅಕ್ಕೋರ ಹಾಡನ್ನೂ ಬಿಳಿ ನಾಲ್ಕಕ್ಕೆ ಏರಿಸೋಣ ಎಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಸೊಪ್ರಾನೊ ಹುಡುಗಿಯರ ಕಡೆ ನೋಡಿ ತಲೆಯಾಡಿಸಿದರು. "ಆಗಂಗಿಲ್ರಿ. ಮ್ಯಾಲಿನ ದನಿ ಈಗಾಗಲೇ ಮುಗಲಿಗೆ ಹೊಂಟೈತಿ. ಅಷ್ಟ ಮ್ಯಾಲೆ ಒಯ್ದ್ರ ಈ ಹುಡಿಗ್ಯಾರ ಕೊರಳಿನ ನರಾ ಹರೀತಾವ. ತಾಯಿ ಒದರಬಾರದು." ಆರ್ಗನ್ ಇಲ್ಲದೆ ಹಾಡೋಣ ಎಂದರೆ ನಮ್ಮ ಹುಡುಗರು ನಾಲ್ಕು ಹೆಜ್ಜೆಗೆ ದಾರಿ ತಪ್ಪುವವರು. ಮಠದ ಪೇಟಿ ತರೋಣವೆಂದರೆ ಅದನ್ನು ಶ್ರುತಿ ಮಾಡಿದವನೂ ಅದೇ ದಸ್ತಗೀರ. ದಸ್ತಗೀರನನ್ನು ಮತ್ತೆ ಕರೆಸಿ ಮೊದಲಿನ ಹಾಗೆ ಮಾಡಿಸೋಣ ಎಂದು ಪಾಸ್ಟರು ಅಂದರು. ಅದಕ್ಕೆ ಅಕ್ಕೋರು ಕೂಡಲೇ ಬೇಡವೆಂದರು.

"ಬ್ಯಾಡ್ರಿ. ಇಷ್ಟು ಚಂದ ಹಾಡಾಕತ್ತೈತಿ ಅದು. ನನ್ನೊಂದು ಹಾಡಿನ ಸಲುವಾಗಿ ಅದರ ನಾಲಿಗಿ ಮತ್ತ ತಿಕ್ಕಸೂದು ಬ್ಯಾಡ. ಇರ್ಲಿ ಬಿಡ್ರಿ, ಮುಂದಿನ ವರ್ಷ ನೋಡೂಣು."

ನನಗೆ ಬಹಳ ಕೆಟ್ಟದೆನಿಸಿತು. ಬಾಯಿ ಬಿಟ್ಟು ಏನನ್ನೂ ಬೇಡದ ಹೆಂಗಸು ಒಂದೇ ಒಂದನ್ನು ಬೇಡಿತ್ತು. ಆ ಸಂಜೆ ಹುಡುಗರಿಗೆ ಬೇರೆ ಹಾಡು ಹಚ್ಚಿ, ಅದರ ಆಲ್ಟೊವನ್ನೇ ಮೊದಲು ಕಲಿಸತೊಡಗಿದರು. ಆ ವರ್ಷದ ಕ್ರಿಸ್‌ಮಸ್ಸು ಬಿಳಿ ನಾಲ್ಕರಲ್ಲಿ ನಡೆಯಿತು. ಅಂಥ ಕ್ರಿಸ್‌ಮಸ್ ಆಗಿಲ್ಲ ಎಂದು ಊರ ಮಂದಿ ಇವತ್ತಿಗೂ ಹೇಳುತ್ತಾರೆ. ನನಗೆ ಅದರಲ್ಲಿ ಒಂದು ಸಾಲೂ ನೆನಪಿಲ್ಲ.

ಬೇಸಿಗೆಗೆ ಅಕ್ಕೋರು ಖಾನಾಪುರಕ್ಕೆ ಹೋದರು. ಮಳೆಗಾಲ ಕಳೆದು ಕಾಲೇಜಿಗೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು. ಹಳೆಯ ವಿದ್ಯಾರ್ಥಿಯೊಬ್ಬ ದಾನ ಕೊಟ್ಟಿದ್ದ. ಯಾವ ಪಟ್ಟಿ ಬೇಕಾದರೂ ಹಿಡಿಯಬಹುದು, ಊಳಿಡುವುದಿಲ್ಲ, ಸವಿಯೂ ಇಲ್ಲ. ನನಗೆ ಬಿಳಿ ಎರಡು ಸಿಕ್ಕಿತಲ್ಲ, ಅಷ್ಟೇ ಸಾಕಾಗಿತ್ತು. ದಸರೆಯ ಸೂಟಿಯಲ್ಲಿ ಕೀಬೋರ್ಡನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ಖಾನಾಪುರದ ಬಸ್ ಹತ್ತಿದೆ. ಕೂಸಿಗೆ ತಿಕೀಟು ಬೇಕೋ ಬೇಡವೋ ಎಂದು ಕಂಡಕ್ಟರ್ ಚಾಷ್ಟಿ ಮಾಡಿದ. ಹುಡುಗಿಯರಿಗೆ ಮೇಲಿನ ದನಿ ಕಲಿಸಿ, ಅಕ್ಕೋರನ್ನು ಜೀಪಿನಲ್ಲಿ ಕರೆತಂದು ಆಲ್ಟೊ ಸಾಲಿನಲ್ಲಿ ನಿಲ್ಲಿಸುವ ತನಕ ದಾರಿಯುದ್ದಕ್ಕೂ ಯೋಜನೆ ಹಾಕಿದೆ.

ಬಾಗಿಲು ತೆಗೆದವರು ಅವರ ತಂಗಿ, ನಿವೃತ್ತ ನರ್ಸ್. "ಬರ್ರಿ ಸರ, ಕುಂದರ್ರಿ" ಎಂದು ಖುರ್ಚಿ ಎಳೆದರು. ಆಮೇಲೆ ನನ್ನ ಮುಖ ನೋಡಿ, "ನಿಮಗ ಸುದ್ದಿ ಮುಟ್ಟಿಲ್ಲ ಕಾಣಸ್ತೈತಿ" ಎಂದರು. ಆಷಾಢದಲ್ಲಿ ಅಕ್ಕೋರಿಗೆ ಲಕ್ವಾ ಹೊಡೆದಿತ್ತು.

ಕಿಟಕಿಯ ಹತ್ತಿರ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಮುಖವೆಲ್ಲ ಅರಳಿತು. "ಹೌದು" ಎಂದರು. ಹೇಗಿದ್ದೀರಿ ಎಂದೆ. "ಹೌದು." ಅದೊಂದೇ ಮಾತು ಉಳಿದಿತ್ತು.

"ಮಾತು ಹೋಗ್ಯಾವ್ರಿ ಸರ. ಖರೇ ಹಾಡ್ತಾಳ. ದೇವರ ಹಾಡು ಹಚ್ಚಿದ್ರ ಶಬ್ದಾ ಸೈತ ಛಂದ ಬರ್ತಾವ. ಮಾತಿನ ಜಾಗಾ ಬ್ಯಾರೆ, ಹಾಡಿನ ಜಾಗಾ ಬ್ಯಾರೆ ಅಂತಾರ ಡಾಕ್ಟರ್" ಎಂದರು ತಂಗಿ. ಅಕ್ಕನ ಕುರುಬರ ಹಾಡು ಬಲ್ಲಿರಾ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. "ತಾ ಹಾಡು ಕಟ್ಟೇನಿ ಅಂತ ನಮ್ಮ ಮುಂದ ಒಮ್ಮಿನೂ ಅಂದಿಲ್ಲ ನೋಡ್ರಿ."

ಕೀಬೋರ್ಡನ್ನು ಮಂಚದ ಮೇಲಿಟ್ಟು ಬಿಳಿ ಎರಡು ಹಿಡಿದೆ. ಅಕ್ಕೋರ ಬೆನ್ನು ನೆಟ್ಟಗಾಯಿತು. ಹಾಡತೊಡಗಿದರು. ಒಂದು ಶಬ್ದ ತೊದಲಲಿಲ್ಲ. ಪಡಸಾಲೆಯಲ್ಲಿ ಕೇಳಿದ್ದ ಅದೇ ಆಲ್ಟೊ, ಕೆಳಗೆ ಕೆಳಗೆ ನಡೆಯುವ ಅಡುಗೆಮನೆಯ ದನಿ. ಪೂರಾ ಆಲಿಸಿ, "ಅಕ್ಕೋರ, ಮ್ಯಾಲಿನ ದನಿ ಹಾಡ್ರಿ" ಎಂದೆ. "ಹೌದು" ಎಂದು ಉತ್ಸಾಹದಿಂದ ಮತ್ತೆ ಸುರು ಮಾಡಿದರು. ಮತ್ತೆ ಆಲ್ಟೊ. ನಾನು ಮೇಲಕ್ಕೆ ಕೈ ತೋರಿಸಿದೆ, ಸೊಪ್ರಾನೊ ಎತ್ತರದ ಸ್ವರಗಳನ್ನು ಒತ್ತಿ ಒತ್ತಿ ಆಸೆ ತೋರಿಸಿದೆ. ಅವರು ತಲೆಯಾಡಿಸಿ ಹಾಡಿದರು, ಆಲ್ಟೊವನ್ನೇ. ಜೀವಮಾನವಿಡೀ ಆ ಗಂಟಲು ಹಾಡಿದ್ದು ಅದೊಂದನ್ನೇ. ಈಗ ಮಾತೆಲ್ಲ ಹೋದ ಮೇಲೆ ಗಂಟಲಿಗೆ ತಿಳಿದಿದ್ದೂ ಅದೊಂದೇ.

ಮುಂದಿನ ಕ್ರಿಸ್‌ಮಸ್ಸಿನ ಹೊತ್ತಿಗೆ ಅವರು ಇರಲಿಲ್ಲ. ಮೇಲಿನ ದನಿಯನ್ನು ನೀವೇ ಕಟ್ಟಿ ಕೂಡಿಸಿರಿ ಎಂದು ಪಾಸ್ಟರು ಹೇಳಿದರು. ಕೂತೆ. ಏನು ಕಟ್ಟಿದರೂ ಭಜನೆಯಾಯಿತು, ಬಿಟ್ಟುಬಿಟ್ಟೆ. ಮಾರುತಿ ಈಗ ಧಾರವಾಡದಲ್ಲಿ ಮಾಸ್ತರನಾಗಿದ್ದಾನೆ. ಸಿಕ್ಕಾಗ ಆ ಒಂದು ಸ್ವರವನ್ನು ಇನ್ನೂ ಹಿಡಿದು ತೋರಿಸುತ್ತಾನೆ. ಆಲ್ಟೊ, ಟೆನರ್, ಬೇಸ್ ಮೂರೂ ನನಗೆ ಬಾಯಿಪಾಠ. ಸ್ನಾನದ ಮನೆಯಲ್ಲಿ ಗುನುಗಿದರೆ ಅದು ಯಾವ ಹಾಡು ಎಂದು ಹೆಂಡತಿ ಕೇಳುತ್ತಾಳೆ. ಹಾಡು ನನಗೆ ಗೊತ್ತಿಲ್ಲ ಎನ್ನುತ್ತೇನೆ.

ಆ ದಿನ ಖಾನಾಪುರದಲ್ಲಿ ಕೊನೆಯ ಸಲ ಹಾಡುವಾಗ ನಾನು ಮೇಲಿನ ದನಿ ಬೇಡುವುದನ್ನು ಬಿಟ್ಟು ಸುಮ್ಮನೆ ಜೊತೆಗೆ ಬಾರಿಸಿದೆ. ಕುರುಬರು ಬಾಗಿಲಿಗೆ ಬಂದರು. "ಒಳಗ ಯಾರದೀರಿ? ಕದಾ ತಗೀರಿ" ಎಂದು ಹಾಡಿ ಅಕ್ಕೋರು ನಿಲ್ಲಿಸಿದರು, ನಿಲ್ಲಿಸಬೇಕಾದ ಜಾಗದಲ್ಲಿ. ಗಂಟುಗಂಟಾದ ಬೆರಳು ಚಾದರದ ಮೇಲೆ ತಾಳ ಹಾಕುತ್ತಿತ್ತು. ಹೊರಗೆ ಯಾರೋ ಬೋರು ಜಗ್ಗುತ್ತಿದ್ದರು. ಅಕ್ಕೋರು ಕಣ್ಣು ಮುಚ್ಚಿ, ಕಿವಿಯನ್ನು ಸ್ವಲ್ಪ ಓರೆಮಾಡಿ ಒಂದೊಂದು ಶಬ್ದಕ್ಕೂ ತಲೆದೂಗುತ್ತ ಆ ತಾಯಿಯ ಉತ್ತರವನ್ನು ಪೂರ್ತಿ ಕೇಳಿದರು. ಆಕೆ ಹೇಳಿ ಮುಗಿಸಿದ ಮೇಲೆ ಮುಂದಿನ ಸಾಲು ಎತ್ತಿಕೊಂಡರು.